ಕರುಳಿನ ಕ್ಯಾನ್ಸರ್ ಹರಡಿದೆಯಾ ಅಂತ ಸಣ್ಣ ಆರ್‌ಎನ್‌ಎ ಹೇಳಬಲ್ಲದಾ? ಮುಂಬೈಗೆ ಬರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸುತ್ತಮುತ್ತ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಯಿಂದ ಬಂದವರು, ಮತ್ಸ್ಯಗಂಧದಲ್ಲಿ ಕರಾವಳಿಯಿಂದ ಬಂದವರು, ಡೊಂಬಿವ್ಲಿ, ಥಾಣೆಯಲ್ಲೇ ಮನೆ ಮಾಡಿಕೊಂಡವರು. ನಾನು ನವಿ ಮುಂಬೈನಲ್ಲಿ ಆರ್‌ಎನ್‌ಎ ಅಳೆಯುವ ಲ್ಯಾಬ್ ಕೆಲಸದಲ್ಲಿದ್ದೇನೆ. ಡಾಕ್ಟರ್ ಅಲ್ಲ. ಪರಿಚಯದವರು ರಿಪೋರ್ಟ್ ಕಳಿಸಿದಾಗ ಅದರಲ್ಲಿ ಏನು ಬರೆದಿದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಇತ್ತೀಚೆಗೆ ಜಾಸ್ತಿ ಜನ ಕೇಳುವುದು ಒಂದೇ ವಿಷಯ: "ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ನೋಡಿ ಕ್ಯಾನ್ಸರ್ ಹರಡಿದೆಯಾ ಅಂತ ಹೇಳ್ತಾರಂತಲ್ಲ, ನಮಗೂ ಮಾಡಿಸಬೇಕಾ?" ಅದಕ್ಕೇ ಇದನ್ನು ಬರೆದಿದ್ದೇನೆ.

ಸಣ್ಣ ಆರ್‌ಎನ್‌ಎ ಅಂದ್ರೆ ಏನು?

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಮಾಹಿತಿ ಇರುವ ಭಾಗ ತುಂಬ ಕಡಿಮೆ. 100ಕ್ಕೆ 2ರಷ್ಟೂ ಇಲ್ಲ. ಉಳಿದ ಭಾಗದಿಂದಲೂ ಜೀವಕೋಶ ಬೇಕಾದಷ್ಟು ಆರ್‌ಎನ್‌ಎ ಮಾಡಿಕೊಳ್ಳುತ್ತದೆ. ಇವುಗಳಿಂದ ಪ್ರೋಟೀನ್ ಆಗುವುದಿಲ್ಲ, ಆರ್‌ಎನ್‌ಎ ರೂಪದಲ್ಲೇ ಇದ್ದು ಕೆಲಸ ಮಾಡುತ್ತವೆ. ಅಂಥವುಗಳಲ್ಲಿ ಸುಮಾರು 200 ಅಕ್ಷರಕ್ಕಿಂತ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಅನ್ನುತ್ತೇವೆ) ಗಿಡ್ಡವಾದವನ್ನು ಸಣ್ಣ ಆರ್‌ಎನ್‌ಎ ಅಂತ ಗುಂಪು ಮಾಡಿದ್ದಾರೆ. ಅವುಗಳಲ್ಲಿ ಹೆಚ್ಚು ಓದಿರುವುದು ಮೈಕ್ರೋ ಆರ್‌ಎನ್‌ಎಗಳನ್ನು. ಲ್ಯಾಬಿನಲ್ಲಿ ನಾವು ಚಿಕ್ಕದಾಗಿ ಮಿರ್ ಅನ್ನುತ್ತೇವೆ. ಉದ್ದ ಸುಮಾರು 22 ಅಕ್ಷರ, ಅಷ್ಟೇ.

ಇವುಗಳ ಕೆಲಸವನ್ನು ಉಡುಪಿ ಹೋಟೆಲಿನ ಲೆಕ್ಕದಲ್ಲಿ ಹೇಳಿದರೆ ಸುಲಭ. ಡಿಎನ್‌ಎ ಎಂದರೆ ಅಡುಗೆಯ ಪುಸ್ತಕ. ಮೆಸೆಂಜರ್ ಆರ್‌ಎನ್‌ಎ ಎಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ. ತವಾದ ಮೇಲಿಂದ ಬರುವ ದೋಸೆ ಪ್ರೋಟೀನ್. ಮಿರ್ ಎಂದರೆ ನಡುವೆ ನಿಂತು "ಈ ಚೀಟಿ ಸಾಕು, ತೆಗೀರಿ" ಅನ್ನುವ ಮೇಲ್ವಿಚಾರಕ. ಪುಸ್ತಕ ಮುಟ್ಟುವುದಿಲ್ಲ, ದೋಸೆ ಮುಟ್ಟುವುದಿಲ್ಲ. ಚೀಟಿ ಮಾತ್ರ ತಡೆಯುತ್ತಾನೆ. ಒಂದೊಂದು ಮಿರ್ ಹತ್ತಾರು, ಕೆಲವೊಮ್ಮೆ ನೂರಾರು ಬಗೆಯ ಚೀಟಿಗಳನ್ನು ತಡೆಯಬಲ್ಲದು. ಹಾಗಾಗಿ ಒಂದು ಮಿರ್ ಹೆಚ್ಚು ಕಡಿಮೆಯಾದರೆ ಜೀವಕೋಶದ ಸ್ವಭಾವವೇ ಬದಲಾಗಬಹುದು.

ಇದನ್ನು ಕಂಡುಹಿಡಿದವರು ಯಾರು?

ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್. 1993ರಲ್ಲಿ, ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಮೊದಲ ಮಿರ್‌ನ ಹೆಸರು ಲಿನ್-4. ಹುಳುವಿಗೆ ಮಾತ್ರ ಸೇರಿದ ವಿಚಿತ್ರ ಅಂತ ಆಗ ಹೆಚ್ಚಿನವರು ಅಂದುಕೊಂಡರು. 2000ರಲ್ಲಿ ಲೆಟ್-7 ಎಂಬ ಇನ್ನೊಂದು ಮಿರ್ ಸಿಕ್ಕಿತು. ಅದು ಮನುಷ್ಯರಲ್ಲೂ ಇತ್ತು. ಅಲ್ಲಿಂದ ಎಲ್ಲರ ಗಮನ ಇತ್ತ ಹರಿಯಿತು. ಆಂಬ್ರೋಸ್ ಮತ್ತು ರವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಬಂತು. ದೊಡ್ಡ ಕರುಳಿನ ಗಡ್ಡೆಯಲ್ಲಿ ಮಿರ್-143 ಮತ್ತು ಮಿರ್-145 ಕಡಿಮೆ ಇರುತ್ತವೆ ಅಂತ 2003ರಲ್ಲೇ ವರದಿಯಾಗಿತ್ತು. ಈ ಎರಡರ ಮಾತು ಮುಂದೆ ಮತ್ತೆ ಬರುತ್ತದೆ.

ಕರುಳಿನ ಕ್ಯಾನ್ಸರ್ ಎಲ್ಲಿಗೆ ಹರಡುತ್ತದೆ?

ಮೊದಲು ಹತ್ತಿರದ ದುಗ್ಧಗ್ರಂಥಿಗಳಿಗೆ. ಆಸ್ಪತ್ರೆಯಲ್ಲಿ ನೋಡ್ ಅಂತಾರಲ್ಲ, ಅವು. ದೂರಕ್ಕೆ ಹೋಗುವುದಾದರೆ ಹೆಚ್ಚಾಗಿ ಲಿವರ್‌ಗೆ. ಕಾರಣ ರಕ್ತ ಹರಿಯುವ ದಾರಿ. ದೊಡ್ಡ ಕರುಳಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ನೇರ ಲಿವರ್‌ಗೇ ಹೋಗುತ್ತದೆ. ಗುದನಾಳದ ಕೆಳಭಾಗದ ರಕ್ತ ಲಿವರ್ ತಪ್ಪಿಸಿಯೂ ಹೃದಯದ ಕಡೆ ಹೋಗಬಲ್ಲದು. ಅದಕ್ಕೇ ಅಲ್ಲಿನ ಗಡ್ಡೆ ಒಮ್ಮೊಮ್ಮೆ ಮೊದಲು ಶ್ವಾಸಕೋಶದಲ್ಲಿ ಕಾಣಿಸುತ್ತದೆ. ಹೊಟ್ಟೆಯ ಒಳಪದರ ಇನ್ನೊಂದು ಜಾಗ.

ಮೊದಲ ಸಲ ಪತ್ತೆಯಾಗುವಾಗಲೇ ಐವರಲ್ಲಿ ಒಬ್ಬರಿಗೆ ದೂರ ಹರಡಿರುತ್ತದೆ. ಅಮೆರಿಕದ ಅಂಕಿ ಅಂಶದ ಪ್ರಕಾರ, ಗಡ್ಡೆ ಕರುಳಲ್ಲೇ ಇರುವಾಗ ಸಿಕ್ಕರೆ 100ರಲ್ಲಿ 90ರಷ್ಟು ಜನ 5 ವರ್ಷ ದಾಟುತ್ತಾರೆ. ದೂರ ಹರಡಿದ ಮೇಲೆ ಸಿಕ್ಕರೆ ಸುಮಾರು 15 ಜನ. ಹರಡಿದ್ದನ್ನು ಬೇಗ ಹಿಡಿಯುವ ಗುರುತಿಗಾಗಿ ಇಷ್ಟೊಂದು ಹುಡುಕಾಟ ನಡೆಯುತ್ತಿರುವುದು ಈ ವ್ಯತ್ಯಾಸದಿಂದಲೇ. 2022ರಲ್ಲಿ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಬಂತು. ಸುಮಾರು 9 ಲಕ್ಷ ಜನ ತೀರಿಕೊಂಡರು.

ಲಿವರ್‌ಗೆ ಹರಡಿದೆ ಎಂದ ಕೂಡಲೇ ಮುಗಿಯಿತು ಅಂದುಕೊಳ್ಳಬೇಡಿ. ಲಿವರ್‌ನಲ್ಲಿ ಕೆಲವೇ ಗಡ್ಡೆಗಳಿದ್ದು ತೆಗೆಯಲು ಬರುವಂತಿದ್ದರೆ, ಆಪರೇಶನ್ ಮಾಡಿಸಿಕೊಂಡು ಪೂರ್ತಿ ಗುಣವಾದವರೂ ಇದ್ದಾರೆ.

ಹರಡುವುದಕ್ಕೂ ಈ ಮಿರ್‌ಗಳಿಗೂ ಏನು ಸಂಬಂಧ?

ಕರುಳಿನ ಒಳಪದರದ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾನ್ಸರ್ ಕೋಶ ಹೊರಟುಹೋಗಬೇಕಾದರೆ ಮೊದಲು ಈ ಹಿಡಿತ ಬಿಡಿಸಿಕೊಳ್ಳಬೇಕು. ಹಿಡಿತ ಸಡಿಲಿಸುವುದು ಝೆಬ್-1, ಝೆಬ್-2 ಎಂಬ ಎರಡು ಪ್ರೋಟೀನ್‌ಗಳು. ಅವೆರಡನ್ನೂ ಅದುಮಿಡುವುದು ಮಿರ್-200 ಕುಟುಂಬ. ಆ ಕುಟುಂಬದಲ್ಲಿ ಐದು ಮಿರ್‌ಗಳಿವೆ: 200ಎ, 200ಬಿ, 200ಸಿ, 141 ಮತ್ತು 429. ಮಿರ್-200 ಕಡಿಮೆಯಾದರೆ ಝೆಬ್ ಹೆಚ್ಚುತ್ತದೆ, ಇ-ಕ್ಯಾಡ್ಹೆರಿನ್ ಕುಗ್ಗುತ್ತದೆ, ಕೋಶ ಕಳಚಿಕೊಂಡು ಓಡಾಡಲು ಶುರು ಮಾಡುತ್ತದೆ.

ಇಲ್ಲಿವರೆಗೆ ಸರಳ. ಹಾಗಾದರೆ ಹರಡಿದ ರೋಗಿಯ ರಕ್ತದಲ್ಲಿ ಮಿರ್-200 ಕಡಿಮೆ ಇರಬೇಕು ಅಲ್ವಾ? ಕಂಡದ್ದು ಉಲ್ಟಾ. 2013ರ ಒಂದು ಅಧ್ಯಯನದಲ್ಲಿ ಲಿವರ್‌ಗೆ ಹೋಗಿ ಕೂತ ಗಡ್ಡೆಯಲ್ಲಿ ಮಿರ್-200ಸಿ ಕರುಳಿನ ಮೂಲ ಗಡ್ಡೆಗಿಂತ ಜಾಸ್ತಿ ಇತ್ತು. 2014ರಲ್ಲಿ ರಕ್ತದಲ್ಲೂ ಹಾಗೇ ಕಂಡಿತು. ನೋಡ್‌ಗಳಿಗೆ ಅಥವಾ ದೂರಕ್ಕೆ ಹರಡಿದವರಲ್ಲಿ ಅದರ ಮಟ್ಟ ಏರಿತ್ತು.

ಇದಕ್ಕೆ ಕೊಡುವ ವಿವರಣೆ ನನಗೆ ಒಪ್ಪಿಗೆಯಾಗಿದೆ. ಕೋಶ ಹೊರಡುವಾಗ ಮಿರ್-200 ಕಡಿಮೆ ಮಾಡಿಕೊಳ್ಳುತ್ತದೆ. ಹೊಸ ಜಾಗದಲ್ಲಿ ನೆಲೆಯೂರಿ ಬೆಳೆಯಬೇಕಾದರೆ ಮತ್ತೆ ಒಂದಕ್ಕೊಂದು ಅಂಟಿಕೊಳ್ಳಬೇಕು. ಆಗ ಮಿರ್-200 ಮತ್ತೆ ಏರುತ್ತದೆ. ಅಂದರೆ ಒಂದೇ ಮಿರ್ ಒಂದು ಹಂತದಲ್ಲಿ ಇಳಿಯುತ್ತದೆ, ಇನ್ನೊಂದು ಹಂತದಲ್ಲಿ ಏರುತ್ತದೆ. "ಈ ಮಿರ್ ಜಾಸ್ತಿ ಇದ್ದರೆ ಕೆಟ್ಟದ್ದು" ಅಂತ ಒಂದೇ ಸಾಲಿನಲ್ಲಿ ಹೇಳುವವರನ್ನು ನಂಬಬೇಡಿ. ಎಲ್ಲಿಂದ ತೆಗೆದ ಸ್ಯಾಂಪಲ್, ಯಾವ ಹಂತ ಅನ್ನುವುದನ್ನು ಕೇಳಿ.

ಇನ್ನೊಂದು ಹೆಸರು ಮಿರ್-21. ಕರುಳಿನ ಕ್ಯಾನ್ಸರಿನಲ್ಲಿ ಇದು ಹೆಚ್ಚಾಗಿ ಏರಿರುತ್ತದೆ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್, ಪಿಡಿಸಿಡಿ-4 ಎಂಬ ಪ್ರೋಟೀನ್‌ಗಳನ್ನು ಇದು ತಗ್ಗಿಸುತ್ತದೆ. ಮಿರ್-21 ಹೆಚ್ಚಿದ್ದ ರೋಗಿಗಳು ಬದುಕಿದ್ದು ಕಡಿಮೆ ಕಾಲ ಅಂತ 2008ರಲ್ಲೇ ಪ್ರಕಟವಾಗಿತ್ತು.

ನನ್ನನ್ನು ಬಹಳ ಕಾಡುವ ಸಂಗತಿ ಬೇರೆಯೇ ಇದೆ. ಗಡ್ಡೆಯ ಕೋಶಗಳು ಮಿರ್‌ಗಳನ್ನು ಎಕ್ಸೋಸೋಮ್ ಎಂಬ ತೀರ ಸಣ್ಣ ಚೀಲಗಳಲ್ಲಿ ತುಂಬಿ ಹೊರಗೆ ಬಿಡುತ್ತವೆ. ಹಾಗೆ ಬಂದ ಮಿರ್-25-3ಪಿ ರಕ್ತನಾಳದ ಗೋಡೆಯ ಕೋಶಗಳೊಳಗೆ ಸೇರಿ, ಗೋಡೆಯನ್ನು ಸೋರುವಂತೆ ಮಾಡುತ್ತದೆ ಅಂತ 2018ರಲ್ಲಿ ಪ್ರಯೋಗಗಳಲ್ಲಿ ತೋರಿಸಿದರು. ಕ್ಯಾನ್ಸರ್ ಕೋಶ ಅಲ್ಲಿಗೆ ಬರುವ ಮೊದಲೇ ಅದಕ್ಕೆ ಜಾಗ ಸಿದ್ಧವಾಗುತ್ತದೆ. ಇದು ನಿಜಕ್ಕೂ ಮನುಷ್ಯರಲ್ಲಿ ಹೀಗೇ ನಡೆಯುತ್ತಿದ್ದರೆ, ಸ್ಕ್ಯಾನ್‌ನಲ್ಲಿ ಏನೂ ಕಾಣದ ಹೊತ್ತಲ್ಲೇ ರಕ್ತದಲ್ಲಿ ಸುಳಿವು ಸಿಗಬೇಕು. ಈ ಸಂಶೋಧನೆಯ ಮೇಲೆ ನನಗಿರುವ ಭರವಸೆಗೆ ಇದೇ ದೊಡ್ಡ ಕಾರಣ.

ಆರ್‌ಎನ್‌ಎ ಬೇಗ ಹಾಳಾಗುತ್ತದೆ ಅಂತಾರೆ. ರಕ್ತದಲ್ಲಿ ಹೇಗೆ ಉಳಿಯುತ್ತದೆ?

ಒಳ್ಳೆಯ ಪ್ರಶ್ನೆ. ರಕ್ತದಲ್ಲಿ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು ತುಂಬಿಕೊಂಡಿವೆ. ಬರಿ ಆರ್‌ಎನ್‌ಎ ಹಾಕಿದರೆ ನೋಡನೋಡುತ್ತಿದ್ದಂತೆ ಹೋಗಿಬಿಡುತ್ತದೆ. ಆದರೆ ಮಿರ್‌ಗಳಿಗೆ ರಕ್ಷಣೆ ಇದೆ. ಕೆಲವು ಎಕ್ಸೋಸೋಮ್ ಒಳಗೆ ಇರುತ್ತವೆ. ಕೆಲವು ಆರ್ಗೊನಾಟ್-2 ಎಂಬ ಪ್ರೋಟೀನ್‌ಗೆ ಅಂಟಿಕೊಂಡಿರುತ್ತವೆ. ಒಂದಿಷ್ಟು ಎಚ್‌ಡಿಎಲ್ ಕೊಲೆಸ್ಟೆರಾಲ್ ಕಣಗಳ ಜೊತೆಗೂ ಸಾಗುತ್ತವೆ. ರಕ್ತದಲ್ಲಿ ಮಿರ್‌ಗಳು ಗಟ್ಟಿಯಾಗಿ ಉಳಿಯುತ್ತವೆ ಅಂತ 2008ರಲ್ಲಿ ಖಚಿತವಾಯಿತು. ಆಮೇಲೆ ಪ್ರತಿ ಕ್ಯಾನ್ಸರಿಗೂ ರಕ್ತದ ಗುರುತು ಹುಡುಕುವ ಕೆಲಸ ಶುರುವಾಯಿತು. ಕರುಳಿನ ಕ್ಯಾನ್ಸರಿಗೆ ಮಿರ್-92ಎ ಹೆಸರು ಹಾಂಗ್‌ಕಾಂಗ್‌ನಿಂದ 2009ರಲ್ಲೇ ಬಂತು.

ಮಿರ್ ಬಿಟ್ಟು ಬೇರೆ ಸಣ್ಣ ಆರ್‌ಎನ್‌ಎಗಳೂ ಇವೆಯಾ?

ಇವೆ. ಪಿವಿ ಆರ್‌ಎನ್‌ಎ ಎಂಬ, ಮಿರ್‌ಗಿಂತ ಸ್ವಲ್ಪ ಉದ್ದದ ಗುಂಪಿದೆ. ಅದರಲ್ಲಿ ಪಿರ್-823, ಪಿರ್-1245 ಕರುಳಿನ ಕ್ಯಾನ್ಸರಿನಲ್ಲಿ ಏರಿರುವುದು ಕಂಡಿದೆ. ಟಿಆರ್‌ಎನ್‌ಎ ತುಂಡುಗಳು ಇನ್ನೊಂದು ಗುಂಪು. ಆಂಜಿಯೋಜೆನಿನ್ ಎಂಬ ಕಿಣ್ವ ಟಿಆರ್‌ಎನ್‌ಎಯನ್ನು ಕತ್ತರಿಸಿ ಇವನ್ನು ಮಾಡುತ್ತದೆ, ಹರಡುವುದಕ್ಕೆ ಇವೂ ನೆರವಾಗುತ್ತವೆ ಅಂತ 2019ರಲ್ಲಿ ಬರೆದಿದ್ದಾರೆ. ಸ್ನೋ ಆರ್‌ಎನ್‌ಎಗಳೂ ಪಟ್ಟಿಯಲ್ಲಿವೆ. ಇವೆಲ್ಲ ಮಿರ್‌ಗಿಂತ ಹಿಂದೆ ಇವೆ. ರೋಗಿಯ ಮನೆಯವರು ಸದ್ಯ ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ಆಸ್ಪತ್ರೆಯಲ್ಲಿ ಈ ಟೆಸ್ಟ್ ಯಾಕಿಲ್ಲ?

ದಿನಾ ಇದೇ ಕೆಲಸ ಮಾಡುವುದರಿಂದ ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಮೊದಲ ಕಷ್ಟ ರಕ್ತ ತೆಗೆಯುವಲ್ಲೇ ಇದೆ. ಕೆಂಪು ರಕ್ತಕಣಗಳೊಳಗೆ ಮಿರ್-451, ಮಿರ್-16, ಮಿರ್-92ಎ ತುಂಬಿ ತುಳುಕುತ್ತವೆ. ಸೂಜಿ ಎಳೆಯುವಾಗಲೋ ಟ್ಯೂಬ್ ಜೋರಾಗಿ ಅಲುಗಾಡಿಸುವಾಗಲೋ ಸ್ವಲ್ಪ ಕಣ ಒಡೆದರೂ ಅವೆಲ್ಲ ಪ್ಲಾಸ್ಮಾಗೆ, ಅಂದರೆ ರಕ್ತಕಣ ಬಿಟ್ಟು ಉಳಿದ ದ್ರವಕ್ಕೆ ಸೇರುತ್ತವೆ. ಈಗ ಗಮನಿಸಿ. ಕ್ಯಾನ್ಸರ್ ಗುರುತು ಅಂತ ಹೇಳಿದ ಮಿರ್-92ಎ ಇದೇ ಪಟ್ಟಿಯಲ್ಲಿದೆ. ರಿಪೋರ್ಟಿನಲ್ಲಿ ಅದು ಏರಿದ್ದರೆ ಗಡ್ಡೆಯಿಂದ ಬಂತಾ, ಒಡೆದ ರಕ್ತಕಣದಿಂದ ಬಂತಾ? ಅದಕ್ಕೇ ನಾವು ಮೊದಲು ಮಿರ್-451 ಮತ್ತು ಮಿರ್-23ಎ ಹೋಲಿಸಿ, ರಕ್ತಕಣ ಒಡೆದ ಸ್ಯಾಂಪಲ್ ಅಂತ ಕಂಡರೆ ಪಕ್ಕಕ್ಕಿಡುತ್ತೇವೆ.

ಟ್ಯೂಬ್ ಯಾವುದು ಅನ್ನುವುದೂ ಮುಖ್ಯ. ಹೆಪಾರಿನ್ ಹಾಕಿದ ಟ್ಯೂಬ್ ಆದರೆ ಮಿರ್ ಅಳೆಯುವ ಪಿಸಿಆರ್ ಪರೀಕ್ಷೆ ಸರಿಯಾಗಿ ನಡೆಯುವುದೇ ಇಲ್ಲ. ಇಡಿಟಿಎ ಟ್ಯೂಬ್ ಬೇಕು. ರಕ್ತ ತೆಗೆದ ಒಂದೆರಡು ಗಂಟೆಯೊಳಗೆ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಿಬಿಡಬೇಕು. ಜುಲೈ ತಿಂಗಳಲ್ಲಿ ಹಿಂದ್‌ಮಾತಾ ಬಳಿ ನೀರು ನಿಂತ ದಿನ ಪರೇಲ್‌ನಿಂದ ಖಾರ್ಘರ್‌ಗೆ ಒಂದು ಟ್ಯೂಬ್ ತರುವುದನ್ನು ಊಹಿಸಿಕೊಳ್ಳಿ. ಹಾಗಾಗಿ ರಕ್ತ ತೆಗೆದಲ್ಲೇ ಪ್ಲಾಸ್ಮಾ ಬೇರೆ ಮಾಡಿ ಫ್ರೀಜ್ ಮಾಡುವುದು ಒಳ್ಳೆಯದು. ಇಷ್ಟು ಶಿಸ್ತು ಸಂಶೋಧನೆಯಲ್ಲಿ ಸಾಧ್ಯ. ಊರಿನ ಪ್ರತಿ ಕಲೆಕ್ಷನ್ ಸೆಂಟರಿನಲ್ಲೂ ಸಾಧ್ಯವಾಗಬೇಕಾದರೆ ತುಂಬ ಕೆಲಸ ಆಗಬೇಕು.

ಎರಡನೆಯದು ಅಳತೆಗೋಲಿನ ಸಮಸ್ಯೆ. ಸಕ್ಕರೆ ಇಷ್ಟು ಮಿಲಿಗ್ರಾಂ ಅಂದರೆ ಹುಬ್ಬಳ್ಳಿಯಲ್ಲೂ ಅದೇ, ಮುಂಬೈನಲ್ಲೂ ಅದೇ. ಮಿರ್ ಅನ್ನು ಹೆಚ್ಚಾಗಿ ಇನ್ನೊಂದು ಆರ್‌ಎನ್‌ಎಗೆ ಹೋಲಿಸಿ ಅಳೆಯುತ್ತಾರೆ. ಗಡ್ಡೆಯ ತುಂಡಿನಲ್ಲಿ ಯು-6 ಎಂಬುದನ್ನು ಹೋಲಿಕೆಗೆ ಬಳಸುವ ರೂಢಿ ಇದೆ. ರಕ್ತದಲ್ಲಿ ಯು-6 ನಿಲ್ಲುವುದಿಲ್ಲ. ಒಂದು ತಂಡ ಮಿರ್-16ಕ್ಕೆ ಹೋಲಿಸುತ್ತದೆ, ಇನ್ನೊಂದು ತಂಡ ಹೊರಗಿನಿಂದ ಹುಳುವಿನ ಮಿರ್ ಸೇರಿಸಿ ಅದಕ್ಕೆ ಹೋಲಿಸುತ್ತದೆ. ಆಗ ಇವರ "ಎರಡು ಪಟ್ಟು" ಅವರ "ಎರಡು ಪಟ್ಟು" ಒಂದೇ ಆಗಿರುವುದಿಲ್ಲ.

ಮೂರನೆಯದು ಇನ್ನೂ ಆಳದ ಮಾತು. ಮಿರ್-143, ಮಿರ್-145 ಗಡ್ಡೆಯಲ್ಲಿ ಕಡಿಮೆ ಅಂತ ಮೊದಲೇ ಹೇಳಿದೆನಲ್ಲ. ವರ್ಷಗಟ್ಟಲೆ ಎಲ್ಲರೂ ಕ್ಯಾನ್ಸರ್ ಕೋಶ ಇವನ್ನು ಕಳೆದುಕೊಳ್ಳುತ್ತದೆ ಅಂತ ನಂಬಿದ್ದರು. 2014ರಲ್ಲಿ ಇಲಿಗಳ ಮೇಲಿನ ಕೆಲಸ ಬೇರೆ ಚಿತ್ರ ಕೊಟ್ಟಿತು. ಕರುಳಿನ ಒಳಪದರದ ಕೋಶಗಳಲ್ಲಿ ಇವು ಮೊದಲಿಂದಲೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇವು ಇರುವುದು ಪಕ್ಕದ ಸ್ನಾಯು ಮತ್ತು ಆಧಾರ ಕೋಶಗಳಲ್ಲಿ. ಒಳ್ಳೆಯ ಕರುಳಿನ ತುಂಡು ತೆಗೆದರೆ ಸ್ನಾಯುವೂ ಬರುತ್ತದೆ. ಗಡ್ಡೆಯ ತುಂಡಿನಲ್ಲಿ ಅದು ಕಡಿಮೆ. ಹಾಗಾಗಿ ಮಿರ್ ಇಳಿದಂತೆ ಕಂಡಿತು. ಅಳೆದದ್ದು ಸರಿಯಾಗಿಯೇ ಇತ್ತು, ಅರ್ಥ ಮಾಡಿಕೊಂಡದ್ದು ಬೇರೆಯಾಗಿತ್ತು. ಯಾವ ಕೋಶದಿಂದ ಬಂತು ಅಂತ ಗೊತ್ತಿಲ್ಲದ ಸಂಖ್ಯೆಯ ಮೇಲೆ ಒಬ್ಬರ ಆಪರೇಶನ್ ನಿರ್ಧಾರ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಅಧ್ಯಯನಗಳ ಗಾತ್ರ. ಹೆಚ್ಚಿನವು ನೂರಿನ್ನೂರು ಜನರದ್ದು. ಒಂದು ಆಸ್ಪತ್ರೆಯಲ್ಲಿ ಚೆನ್ನಾಗಿ ಕಂಡ ಮಿರ್ ಪಟ್ಟಿ ಇನ್ನೊಂದರಲ್ಲಿ ಸೋಲುತ್ತದೆ.

ಹಾಗಾದರೆ ಯಾವ ಜಾಗದಲ್ಲಿ ನಿಜವಾಗಿ ಉಪಯೋಗಕ್ಕೆ ಬರಬಹುದು?

ನನ್ನ ಲೆಕ್ಕದಲ್ಲಿ ಟಿ-1 ಗಡ್ಡೆಗಳಲ್ಲಿ. ಅಂದರೆ ಒಳಪದರ ದಾಟಿ ಅದರ ಕೆಳಗಿನ ಪದರಕ್ಕೆ ಮಾತ್ರ ಇಳಿದ ಆರಂಭದ ಗಡ್ಡೆ. ಕೊಲೊನೋಸ್ಕೋಪಿಯಲ್ಲೇ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ನೋಡುವಾಗಲೇ ಇದನ್ನು ತೆಗೆದುಬಿಡಬಹುದು. ಚಿಂತೆ ಒಂದೇ: ನೋಡ್‌ಗಳಿಗೆ ಆಗಲೇ ಹೋಗಿದೆಯಾ? ಸುಮಾರು ಹತ್ತರಲ್ಲಿ ಒಬ್ಬರಿಗೆ ಹೋಗಿರುತ್ತದೆ. ಆ ಒಬ್ಬರು ಯಾರು ಅಂತ ಖಚಿತವಾಗಿ ಹೇಳಲಾಗದೆ, ಅಪಾಯದ ಲಕ್ಷಣ ಕಂಡ ಎಷ್ಟೋ ಜನರಿಗೆ ಕರುಳಿನ ಭಾಗ ತೆಗೆಯುವ ದೊಡ್ಡ ಆಪರೇಶನ್ ಮಾಡುತ್ತಾರೆ. ಆಮೇಲೆ ನೋಡಿದರೆ ಹೆಚ್ಚಿನವರ ನೋಡ್‌ಗಳಲ್ಲಿ ಏನೂ ಇರುವುದಿಲ್ಲ. ಗುದನಾಳದ ಕೆಳಗಿನ ಗಡ್ಡೆ ಆದರೆ ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಬರುವ ಸಾಧ್ಯತೆಯೂ ಇದೆ.

2018ರಲ್ಲಿ ಟಿ-1 ಗಡ್ಡೆಗಳಲ್ಲೇ ಐದು ಮಿರ್‌ಗಳನ್ನು ಅಳೆದು (32, 181ಬಿ, 193ಬಿ, 195, 411) ನೋಡ್‌ಗೆ ಹೋದವರನ್ನು ಬೇರ್ಪಡಿಸುವ ಪ್ರಯತ್ನ ಪ್ರಕಟವಾಯಿತು. 2021ರಲ್ಲಿ ಅವುಗಳಲ್ಲಿ ನಾಲ್ಕನ್ನು ಮೆಸೆಂಜರ್ ಆರ್‌ಎನ್‌ಎಗಳ ಜೊತೆ ಸೇರಿಸಿ ರಕ್ತದಲ್ಲೇ ನೋಡಿದರು.

ಇದರ ಬೆಲೆ ಅರ್ಥವಾಗಲು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಟಿ-1 ಇರುವ 1000 ಜನ. ಅವರಲ್ಲಿ 100 ಜನಕ್ಕೆ ನೋಡ್‌ಗೆ ಹೋಗಿದೆ. ಟೆಸ್ಟ್ ಹೋದವರಲ್ಲಿ 100ಕ್ಕೆ 80 ಜನರನ್ನು ಹಿಡಿಯುತ್ತದೆ, ಹೋಗದವರಲ್ಲಿ 100ಕ್ಕೆ 80 ಜನರನ್ನು ಸರಿಯಾಗಿ ಬಿಡುತ್ತದೆ ಅಂತಿಟ್ಟುಕೊಳ್ಳಿ. ಆಗ ಹೋದ 100ರಲ್ಲಿ 80 ಜನ ಪಾಸಿಟಿವ್. ಹೋಗದ 900ರಲ್ಲಿ 180 ಜನರೂ ಪಾಸಿಟಿವ್. ಒಟ್ಟು 260. ಅಂದರೆ ಪಾಸಿಟಿವ್ ಬಂದವರಲ್ಲಿ ಮೂವರಲ್ಲಿ ಇಬ್ಬರಿಗೆ ನಿಜಕ್ಕೂ ಏನೂ ಆಗಿಲ್ಲ. ನೆಗೆಟಿವ್ ಬಂದವರು 740. ಅವರಲ್ಲಿ ತಪ್ಪಿಹೋದವರು 20, ಅಂದರೆ 100ಕ್ಕೆ 3ಕ್ಕಿಂತ ಕಡಿಮೆ. ಇಂಥ ಟೆಸ್ಟ್ "ಹರಡಿದೆ" ಅಂತ ಹೇಳುವುದಕ್ಕೆ ದುರ್ಬಲ. "ಆಪರೇಶನ್ ತಪ್ಪಿಸಬಹುದೇನೋ, ಡಾಕ್ಟರ್ ಜೊತೆ ಮಾತಾಡಿ" ಅಂತ ಹೇಳುವುದಕ್ಕೆ ಬಲವಾದದ್ದು. ತಪ್ಪಿಹೋಗುವ ಆ 20 ಜನರನ್ನೂ ಮರೆಯುವ ಹಾಗಿಲ್ಲ. ಅವರಿಗೆ ಬಿಗಿಯಾದ ಫಾಲೋಅಪ್ ಇರಲೇಬೇಕು.

ಸಿಇಎ ಟೆಸ್ಟ್‌ಗಿಂತ ಇದು ಮೇಲಾ?

ಸಿಇಎ ಎಂದರೆ ಗಡ್ಡೆಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್. ಅದರ ಟೆಸ್ಟ್ ಹಳೆಯದು, ಅಗ್ಗದ್ದು, ಎಲ್ಲ ಕಡೆ ಸಿಗುತ್ತದೆ. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 5 ನ್ಯಾನೋಗ್ರಾಂ ಮೇಲೆ ಹೋದರೆ ಗಮನಿಸುತ್ತಾರೆ. ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಕೆಲವು ಗಡ್ಡೆಗಳು ಸಿಇಎ ಮಾಡುವುದೇ ಇಲ್ಲ. ಅಂದರೆ ಅದರಲ್ಲೂ ದೋಷವಿದೆ. ಆದರೆ ಅದರ ದೋಷಗಳು ಡಾಕ್ಟರಿಗೆ ಚೆನ್ನಾಗಿ ಪರಿಚಯವಿವೆ, ಎಷ್ಟು ನಂಬಬೇಕು ಅಂತ ಗೊತ್ತಿದೆ. ಮಿರ್ ಪ್ಯಾನೆಲ್‌ಗಳಿಗೆ, ಅಂದರೆ ಹಲವು ಮಿರ್‌ಗಳನ್ನು ಒಟ್ಟಿಗೆ ಅಳೆಯುವ ಟೆಸ್ಟ್‌ಗಳಿಗೆ, ಆ ಅನುಭವ ಇನ್ನೂ ಬಂದಿಲ್ಲ.

ಸಿಟಿಡಿಎನ್‌ಎ ಅಂತಾರಲ್ಲ, ಅದೂ ಇದೂ ಒಂದೇನಾ?

ಅಲ್ಲ. ಅದು ಗಡ್ಡೆಯಿಂದ ರಕ್ತಕ್ಕೆ ಸೇರಿದ ಡಿಎನ್‌ಎ ಚೂರು. ಗಡ್ಡೆಯಲ್ಲೇ ಇರುವ ಬದಲಾವಣೆಯನ್ನು ಹುಡುಕುವುದರಿಂದ ಎಲ್ಲಿಂದ ಬಂತು ಅನ್ನುವ ಗೊಂದಲ ಕಡಿಮೆ. ಆಸ್ಟ್ರೇಲಿಯಾದ ಡೈನಾಮಿಕ್ ಎಂಬ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಎರಡನೇ ಹಂತದ ರೋಗಿಗಳಲ್ಲಿ ಸಿಟಿಡಿಎನ್‌ಎ ನೋಡಿ ಕೀಮೋ ತೀರ್ಮಾನಿಸಿದಾಗ ಕೀಮೋ ತೆಗೆದುಕೊಂಡವರು 100ಕ್ಕೆ 28ರಿಂದ 15ಕ್ಕೆ ಇಳಿದರು. ಹಾಗಿದ್ದೂ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಲಿಲ್ಲ. ಚಿಕಿತ್ಸೆಯ ತೀರ್ಮಾನವನ್ನೇ ಬದಲಾಯಿಸಿ ನೋಡಿದ ಇಂಥ ಪ್ರಯೋಗ ಮಿರ್‌ಗಳಿಗೂ ಆಗಬೇಕು. ಅದು ಆದ ದಿನ ನಾನೇ ಎಲ್ಲರಿಗೂ ಮಾಡಿಸಿ ಅನ್ನುತ್ತೇನೆ.

ಒಂದು ಲ್ಯಾಬ್‌ನವರು ಮಿರ್ ಪ್ಯಾನೆಲ್ ಮಾಡಿಕೊಡ್ತೀವಿ ಅಂತಾರೆ. ದುಡ್ಡು ಕೊಡಬೇಕಾ?

ಬೇಡ. ಅದರಿಂದ ಬರುವ ಉತ್ತರ ನಿಮ್ಮ ಚಿಕಿತ್ಸೆಯನ್ನು ಬದಲಾಯಿಸುವುದಿಲ್ಲ. ಪಾಸಿಟಿವ್ ಬಂದರೆ ಡಾಕ್ಟರ್ ಮತ್ತೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ನೆಗೆಟಿವ್ ಬಂದರೂ ಫಾಲೋಅಪ್ ಬಿಡುವ ಹಾಗಿಲ್ಲ. ಹೊಲ ಅಡವಿಟ್ಟು ಬಂದ ಕುಟುಂಬವೊಂದು ಇಂಥದ್ದಕ್ಕೆ ಹಣ ಕಟ್ಟಲು ಹೊರಟಿದ್ದನ್ನು ನೋಡಿ ನನಗೆ ತುಂಬ ಸಂಕಟವಾಗಿತ್ತು. ಅದೇ ಹಣ ಊಟ, ವಸತಿ, ಮುಂದಿನ ಕೀಮೋಗೆ ಬರಬೇಕಾದವರ ಟಿಕೆಟ್‌ಗೆ ಆಗುತ್ತದೆ. ಯಾರಾದರೂ ಒತ್ತಾಯಿಸಿದರೆ ಒಂದೇ ಪ್ರಶ್ನೆ ಕೇಳಿ: "ಈ ರಿಪೋರ್ಟ್ ಬಂದ ಮೇಲೆ ನಮ್ಮ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ?"

ಅಪ್ಪನಿಗೆ ಆಪರೇಶನ್ ಆಗಿದೆ. ಹಾಗಾದರೆ ಯಾವ ರಿಪೋರ್ಟ್ ನೋಡಬೇಕು?

ಪ್ಯಾಥಾಲಜಿ ರಿಪೋರ್ಟ್. ಇವತ್ತಿನ ಮಟ್ಟಿಗೆ ಅಷ್ಟು ಮಾಹಿತಿ ಬೇರೆ ಯಾವುದೂ ಕೊಡುವುದಿಲ್ಲ. ಎಷ್ಟು ನೋಡ್ ಪರೀಕ್ಷಿಸಿದ್ದಾರೆ ಅಂತ ನೋಡಿ. ಕನಿಷ್ಠ 12 ಇರಬೇಕು ಅನ್ನುವುದು ಒಪ್ಪಿತ ಮಾನದಂಡ. ಕಡಿಮೆ ಇದ್ದರೆ ಯಾಕೆ ಅಂತ ಡಾಕ್ಟರಲ್ಲಿ ಕೇಳಿ. ಕೇಳುವುದು ಮರ್ಯಾದೆಗೆಟ್ಟ ಕೆಲಸ ಅಲ್ಲವೇ ಅಲ್ಲ. ಗುದನಾಳದ ಕ್ಯಾನ್ಸರಿಗೆ ಮೊದಲೇ ರೇಡಿಯೇಶನ್ ಕೊಟ್ಟಿದ್ದರೆ ನೋಡ್ ಕಡಿಮೆ ಸಿಗುವುದುಂಟು. ಅವುಗಳಲ್ಲಿ ಎಷ್ಟಕ್ಕೆ ಕ್ಯಾನ್ಸರ್ ಹೋಗಿದೆ, ರಕ್ತನಾಳದೊಳಗೆ ಅಥವಾ ನರದ ಸುತ್ತ ಕಂಡಿದೆಯಾ, ಅಂಚುಗಳು ಸ್ವಚ್ಛವಾಗಿವೆಯಾ ಅನ್ನುವುದೂ ಅಲ್ಲೇ ಇರುತ್ತದೆ.

ಎಂಎಂಆರ್ ಪರೀಕ್ಷೆ ಆಗಿದೆಯಾ ಅಂತ ತಪ್ಪದೆ ಕೇಳಿ. ಕೆಲವು ಗಡ್ಡೆಗಳಲ್ಲಿ ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನ್‌ಗಳು ಇರುವುದಿಲ್ಲ. ಅಂಥವರಿಗೆ ಹರಡಿದ ಮೇಲೂ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಚೆನ್ನಾಗಿ ಕೆಲಸ ಮಾಡಬಲ್ಲದು. ಮನೆಯ ಉಳಿದವರಿಗೂ ಈ ಮಾಹಿತಿ ಬೇಕು, ಯಾಕೆಂದರೆ ಇದು ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್‌ನ ಸುಳಿವೂ ಆಗಿರಬಹುದು. ದೂರ ಹರಡಿದ್ದರೆ ಗಡ್ಡೆಯ ರಾಸ್ ಮತ್ತು ಬ್ರಾಫ್ ಎಂಬ ಜೀನ್ ಪರೀಕ್ಷೆ ಬೇಕು. ಯಾವ ಔಷಧ ನಾಟುತ್ತದೆ ಅನ್ನುವುದು ಅದರಿಂದ ತಿಳಿಯುತ್ತದೆ.

ಆಮೇಲೆ ಫಾಲೋಅಪ್. ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಸಿಇಎ, ಡಾಕ್ಟರ್ ಹೇಳಿದ ಹಾಗೆ ಸಿಟಿ, ಆಪರೇಶನ್ ಆದ ಸುಮಾರು ಒಂದು ವರ್ಷಕ್ಕೆ ಕೊಲೊನೋಸ್ಕೋಪಿ. ಊರಿಗೆ ಹೋದ ಮೇಲೆ "ಈಗ ಆರಾಮಿದ್ದಾರೆ" ಅಂತ ಬಿಟ್ಟುಬಿಡುವವರು ಬಹಳ. ದಯವಿಟ್ಟು ಬಿಡಬೇಡಿ. ಸಿಇಎಗಾಗಿ ಮುಂಬೈವರೆಗೆ ಬರಬೇಕಾಗಿಲ್ಲ. ಊರಲ್ಲೇ ಮಾಡಿಸಿ ಕಳಿಸಬಹುದಾ ಅಂತ ಇಲ್ಲಿನ ಡಾಕ್ಟರನ್ನು ಕೇಳಿಕೊಳ್ಳಿ. ಸಾಧ್ಯವಾದರೆ ಪ್ರತಿಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ.

ಸಂಶೋಧನೆಗೆ ರಕ್ತ ಕೊಡ್ತೀರಾ ಅಂತ ಕೇಳಿದರು. ಕೊಡಬಹುದಾ?

ಕೊಡಿ ಅಂತಲೇ ನನ್ನ ಆಸೆ. ಆದರೆ ತಿಳಿದು ಕೊಡಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅನ್ನುವುದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯ ಆಶಯ. ಮರಾಠಿ, ಹಿಂದಿ ಓದಲು ಬಾರದಿದ್ದರೆ ಕನ್ನಡದಲ್ಲಿ ಕೇಳಿ. ಇಲ್ಲದಿದ್ದರೆ ಕನ್ನಡದಲ್ಲಿ ಓದಿ ಹೇಳುವವರನ್ನು ಕರೆಸಿ ಅನ್ನಿ. ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ. ಇಲ್ಲ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ. ಕೊಟ್ಟ ಮೇಲೂ ಹಿಂದೆ ಸರಿಯಬಹುದು. ಇಂಥ ರಕ್ತದ ಫಲಿತಾಂಶ ಹೆಚ್ಚಾಗಿ ರೋಗಿಗೆ ವಾಪಸ್ ಬರುವುದಿಲ್ಲ. ಅದನ್ನು ಮೊದಲೇ ತಿಳಿದುಕೊಂಡಿರಿ.

ನಮ್ಮವರು ಕೊಡಬೇಕು ಅನ್ನುವುದಕ್ಕೆ ಕಾರಣವಿದೆ. ಮಿರ್ ಅಧ್ಯಯನಗಳಲ್ಲಿ ಬಹುಪಾಲು ಚೀನಾ, ಜಪಾನ್, ಯುರೋಪ್, ಅಮೆರಿಕದವು. ಭಾರತದಲ್ಲಿ ಈ ಕ್ಯಾನ್ಸರ್ ಕಡಿಮೆ. ಆದರೆ ಬಂದವರಲ್ಲಿ ಚಿಕ್ಕ ವಯಸ್ಸಿನವರು ಜಾಸ್ತಿ. ಸಿಗ್ನೆಟ್ ರಿಂಗ್ ಎಂಬ, ಹೊಟ್ಟೆಯ ಒಳಪದರಕ್ಕೆ ಬೇಗ ಹರಡುವ ಬಗೆಯೂ ಇಲ್ಲಿ ಹೆಚ್ಚು ಕಾಣುತ್ತದೆ. ಅರವತ್ತೈದು ದಾಟಿದ ಜಪಾನಿಯರ ರಕ್ತದಲ್ಲಿ ಸಿಕ್ಕ ಗುರುತು, ವಿಜಯಪುರದ ಮೂವತ್ತೆಂಟರ ರೈತನಲ್ಲೂ ಹಾಗೇ ಕೆಲಸ ಮಾಡುತ್ತದಾ ಅಂತ ಅವನ ರಕ್ತದಲ್ಲೇ ನೋಡಬೇಕು.

ಮಿರ್‌ನಿಂದ ಔಷಧ ಬಂದಿದೆಯಾ?

ಕ್ಯಾನ್ಸರಿಗೆ ಇನ್ನೂ ಇಲ್ಲ. ಮಿರ್-34ಎ ಅನ್ನು ಔಷಧವಾಗಿ ಕೊಟ್ಟು ನೋಡಿದ ಒಂದು ಪ್ರಯೋಗವನ್ನು 2016ರಲ್ಲಿ ನಿಲ್ಲಿಸಿದರು. ರೋಗನಿರೋಧಕ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮ ಅದಕ್ಕೆ ಕಾರಣ.

ಅಣ್ಣನಿಗೆ ಬಂದಿದೆ. ನಮಗೂ ಬರಬಹುದಾ? ಮಿರ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಾ?

ನಿಮಗೆ ಬೇಕಾದದ್ದು ಕೊಲೊನೋಸ್ಕೋಪಿ. ತಂದೆ, ತಾಯಿ, ಒಡಹುಟ್ಟಿದವರಿಗೆ ಬಂದಿದ್ದರೆ 40ನೇ ವಯಸ್ಸಿಗೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲೇ, ಯಾವುದು ಮೊದಲೋ ಆಗ ಮಾಡಿಸಬೇಕು. ಅಣ್ಣನಿಗೆ 42ಕ್ಕೆ ಬಂದಿದ್ದರೆ ನಿಮಗೆ 32ಕ್ಕೆ.

ಮತ್ತೊಂದು ಮಾತು ಕೈಮುಗಿದು ಹೇಳುತ್ತೇನೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ. ಪುಡಿ, ಕಷಾಯ, ಮುಲಾಮು ಅಂತ ತಿಂಗಳುಗಟ್ಟಲೆ ಕಳೆದು ಬಂದವರ ಕಥೆ ನಾನು ಮತ್ತೆ ಮತ್ತೆ ಕೇಳಿದ್ದೇನೆ. ಮಲವಿಸರ್ಜನೆಯ ಅಭ್ಯಾಸ ಬದಲಾದರೆ, ಕಾರಣವಿಲ್ಲದೆ ರಕ್ತ ಕಡಿಮೆಯಾದರೆ, ತೂಕ ಇಳಿದರೆ ತೋರಿಸಿ. ವಯಸ್ಸು ಮೂವತ್ತೈದೇ ಆಗಿದ್ದರೂ ತೋರಿಸಿ.

ಮುಂಬೈಗೆ ಮೊದಲ ಸಲ ಬರುತ್ತಿದ್ದೇವೆ. ಏನು ತರಬೇಕು?

ಸಿಟಿ ಸ್ಕ್ಯಾನಿನ ಸಿಡಿ, ಎಲ್ಲ ರಿಪೋರ್ಟುಗಳ ಮೂಲಪ್ರತಿ, ಆಪರೇಶನ್ ಆಗಿದ್ದರೆ ಆಪರೇಶನ್ ನೋಟ್ಸ್, ಆಧಾರ್ ಮತ್ತು ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡ್. ಉಳಿದುಕೊಳ್ಳಲು ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಂಥ ಜಾಗಗಳಿವೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಬಹಳ ಜನ ಮರೆತು ಬರುವುದು ಬ್ಲಾಕ್ ಮತ್ತು ಸ್ಲೈಡ್. ಬಯಾಪ್ಸಿ ಅಥವಾ ಆಪರೇಶನ್‌ನಲ್ಲಿ ತೆಗೆದ ತುಂಡನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅದೇ ಪ್ಯಾರಾಫಿನ್ ಬ್ಲಾಕ್. ಊರಿನ ಆಸ್ಪತ್ರೆಯ ಪ್ಯಾಥಾಲಜಿ ವಿಭಾಗದಲ್ಲಿ ಅರ್ಜಿ ಕೊಟ್ಟರೆ ಕೊಡುತ್ತಾರೆ. ಅದಿಲ್ಲದಿದ್ದರೆ ಇಲ್ಲಿ ಮತ್ತೆ ಬಯಾಪ್ಸಿ ಮಾಡಬೇಕಾಗಬಹುದು, ವಾರಗಟ್ಟಲೆ ತಡವಾಗಬಹುದು. ಎಂಎಂಆರ್, ರಾಸ್, ಬ್ರಾಫ್ ಎಲ್ಲ ಅದರಿಂದಲೇ ಮಾಡುವುದು. ಉದ್ದನೆಯ ಆರ್‌ಎನ್‌ಎಗಳು ತುಂಡು ಕೆಡದಂತೆ ಹಾಕಿಡುವ ಫಾರ್ಮಲಿನ್‌ನಲ್ಲಿ ಚೂರುಚೂರಾಗುತ್ತವೆ. ಮಿರ್‌ಗಳು ಗಿಡ್ಡವಾಗಿರುವುದರಿಂದ ವರ್ಷಗಳ ನಂತರವೂ ಅದೇ ಬ್ಲಾಕ್‌ನಲ್ಲಿ ಅಳೆಯಲು ಸಿಗುತ್ತವೆ. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ಕೊಟ್ಟರೆ ಒದ್ದೆಯಾಗದ ಹಾಗೆ ಡಬ್ಬಿಯಲ್ಲಿಟ್ಟು, ಬಿಸಿಲು ತಾಗದ ಜಾಗದಲ್ಲಿಡಿ. ಡಬ್ಬಿಯ ಮೇಲೆ ಹೆಸರು, ತಾರೀಕು, ಬ್ಲಾಕ್ ನಂಬರ್ ಬರೆದಿಡಿ.